ಒಂದು ಮನೆ, ಮೂರು ಆತ್ಮಸಾಕ್ಷಿ: ಕರಾವಳಿಯ ಒಂದು ವಂತಿಗೆ ಪ್ರಕರಣ

ಅಂಕೋಲಾ ಮತ್ತು ಕುಮಟಾ ನಡುವಿನ ಒಂದು ಮೀನುಗಾರರ ಊರಿನಲ್ಲಿ ಕೆಲವು ವರ್ಷಗಳ ಹಿಂದೆ ನಡೆದದ್ದು ಇದು. ಊರಿನ ಹೆಸರು, ಜನರ ಹೆಸರು, ಜಾತಿ, ದೇವಸ್ಥಾನದ ಹೆಸರು ಯಾವುದನ್ನೂ ಬರೆಯುತ್ತಿಲ್ಲ. ಗುರುತು ಹತ್ತಬಾರದು ಅಂತ ಕೆಲವು ಸಣ್ಣ ವಿವರಗಳನ್ನು ಬದಲಾಯಿಸಿದ್ದೇನೆ. ನಾನು ಇದರಲ್ಲಿ ಮಧ್ಯಸ್ಥಿಕೆಗೆ ಕೂತ ವಕೀಲ. ಇಂಥ ಜಗಳ ನಮ್ಮ ಜಿಲ್ಲೆಯಲ್ಲಿ ಇನ್ನೂ ಬರುತ್ತವೆ. ಆಗ ಕೂತು ಮಾತಾಡಿಸುವವರಿಗೆ ಉಪಯೋಗವಾಗಲಿ ಅಂತ ಬರೆದಿದ್ದೇನೆ.

ಊರು, ಬಲೆ, ಪುಸ್ತಕ

ಆ ಊರಿನ ದೇವಸ್ಥಾನ ಮುಜರಾಯಿಗೆ ಸೇರಿಲ್ಲ. ಊರವರದ್ದೇ ಕಮಿಟಿ. ಸುಗ್ಗಿ ಕಳೆದ ಮೇಲೆ ಜಾತ್ರೆ. ಪಲ್ಲಕ್ಕಿ ಮನೆ ಮನೆಗೆ ಬರುತ್ತದೆ. ಹೆಂಗಸರು ಅಂಗಳಕ್ಕೆ ನೀರು ಹಾಕಿ, ರಂಗೋಲಿ ಬರೆದು, ಆರತಿ ಹಿಡಿದು ಹಣ್ಣುಕಾಯಿ ಕೊಡುತ್ತಾರೆ. ಮನೆಗೊಬ್ಬ ಗಂಡಸು ಪಲ್ಲಕ್ಕಿಗೆ ಹೆಗಲು ಕೊಡಬೇಕು. ರಾತ್ರಿ ಯಕ್ಷಗಾನ ಆಟ. ಇದಕ್ಕೆಲ್ಲ ಮನೆಗಿಷ್ಟು ಅಂತ ವಂತಿಗೆ.

ವಂತಿಗೆ ಪುಸ್ತಕವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಕೆಂಪು ಬಟ್ಟೆ ರಟ್ಟಿನ ಉದ್ದ ಪುಸ್ತಕ. ಒಂದು ಮನೆಗೆ ಒಂದು ಸಾಲು. ಸಾಲಿನ ತಲೆಯಲ್ಲಿ ಯಜಮಾನನ ಹೆಸರು. ಕೆಲವು ಮನೆಗಳ ಸಾಲು ಯಾವತ್ತೋ ತೀರಿಹೋದ ಅಜ್ಜನ ಹೆಸರಲ್ಲೇ ಇದೆ. ಹೆಂಗಸರ ಹೆಸರು ಬರುವುದು ಗಂಡ ಇಲ್ಲದ ಮನೆಗಳಲ್ಲಿ ಮಾತ್ರ, ಅದೂ ‘ಇಂಥವರ ಹೆಂಡತಿ’ ಅಂತ. ಇದೇ ದುಡ್ಡಿನಲ್ಲಿ ಜಾತ್ರೆಯೂ ಆಗಬೇಕು, ಸ್ಮಶಾನದ ಶೆಡ್ಡಿಗೆ ತಗಡೂ ಬರಬೇಕು. ಹೆಣ ಸುಡುವ ಕಟ್ಟಿಗೆ, ದೋಣಿ ಎಳೆಯುವ ದಾರಿಯ ರಿಪೇರಿ, ಬಲೆ ಒಣಗಿಸುವ ಜಾಗದ ಬೇಲಿ, ಆಸ್ಪತ್ರೆಗೆ ಬಿದ್ದವರಿಗೆ ಸಹಾಯ ಎಲ್ಲವೂ ಇದರಲ್ಲೇ. ಪುಸ್ತಕ ಒಂದೇ, ಲೆಕ್ಕ ಒಂದೇ. ಮುಂದೆ ಆದದ್ದಕ್ಕೆಲ್ಲ ಬೇರು ಇಲ್ಲಿದೆ.

ಊರಿನ ಹೆಚ್ಚಿನವರು ಏಂಡಿ ಬಲೆಯವರು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧ ಸುತ್ತು ಬಿಟ್ಟು ಬರುತ್ತಾರೆ. ದಡದಲ್ಲಿ ಎರಡೂ ಕಡೆ ಜನ ನಿಂತು ಹಗ್ಗ ಎಳೆಯುತ್ತಾರೆ. ತಾರ್ಲೆಯೋ ಬಂಗಡೆಯೋ ಏನು ಸಿಕ್ಕಿತೋ ಅದರಲ್ಲಿ ಬಲೆಗೆ ಪಾಲು, ದೋಣಿಗೆ ಪಾಲು, ಎಳೆದವರಿಗೆ ಪಾಲು. ಹಂಚುವ ಮೊದಲೇ ದೇವರ ಪಾಲು ತೆಗೆದಿಡುತ್ತಾರೆ. ಎಳೆಯೋಕೆ ನಿಲ್ಲುವ ಜಾಗ ಇದ್ದರೆ ಊಟ, ಇಲ್ಲದಿದ್ದರೆ ಇಲ್ಲ.

ಆದದ್ದೇನು

ಐವತ್ತರ ಹತ್ತಿರದ ಒಬ್ಬ ಮೀನುಗಾರ. ಇಲ್ಲಿ ಅವರನ್ನು ಅಣ್ಣ ಅನ್ನುತ್ತೇನೆ, ಅವರ ಹೆಂಡತಿಯನ್ನು ಅಕ್ಕ. ಮನೆಯಲ್ಲಿ ಅಣ್ಣನ ವಯಸ್ಸಾದ ತಾಯಿಯೂ ಇದ್ದಾರೆ. ಒಂದು ವರ್ಷ ಜಾತ್ರೆಗೆ ಮೊದಲು ಅಣ್ಣ ಕಮಿಟಿ ಅಧ್ಯಕ್ಷರ ಮನೆಗೆ ತಾವಾಗಿಯೇ ಹೋಗಿ ಹೇಳಿದರು: ‘ನನಗೆ ದೇವರ ಮೇಲೆ ನಂಬಿಕೆ ಉಳಿದಿಲ್ಲ. ಪೂಜೆಯ ಬಾಬ್ತು ವಂತಿಗೆ ಕೊಡುವುದಿಲ್ಲ, ಪಲ್ಲಕ್ಕಿಗೆ ಹೆಗಲು ಕೊಡುವುದಿಲ್ಲ. ಊರ ಕೆಲಸಕ್ಕೆ ಎಷ್ಟು ಬೇಕೋ ಹೇಳಿ, ಕೊಡ್ತೇನೆ.’

ಅವರು ಬೇರೆ ಧರ್ಮಕ್ಕೆ ಹೋಗಿರಲಿಲ್ಲ. ಯಾವ ಸಂಘಕ್ಕೂ ಸೇರಿರಲಿಲ್ಲ. ಆದರೆ ಊರಿಗೆ ಅದು ಅರ್ಥವೇ ಆಗಲಿಲ್ಲ. ಬಿಟ್ಟ ಅಂದರೆ ಎಲ್ಲಿಗೋ ಹೋಗಿರಲೇಬೇಕಲ್ಲ? ‘ಪ್ರಾರ್ಥನೆಗೆ ಹೋಗ್ತಾನಂತೆ’, ‘ದುಡ್ಡು ಬಂದಿದೆಯಂತೆ’ ಅಂತ ಎರಡೇ ದಿನದಲ್ಲಿ ಸುದ್ದಿ ಹಬ್ಬಿತು. ಕಮಿಟಿ ಕೂತಿತು. ಬರವಣಿಗೆಯಲ್ಲಿ ಏನೂ ಇಲ್ಲ, ಬಾಯಿ ಮಾತಿನ ತೀರ್ಮಾನ. ಆ ಮನೆಯ ಎದುರು ಪಲ್ಲಕ್ಕಿ ನಿಲ್ಲುವುದಿಲ್ಲ. ಆ ಮನೆಯವರಿಗೆ ಬಲೆಯಲ್ಲಿ ಜಾಗ ಇಲ್ಲ. ದಡದಲ್ಲಿ ಅವರಿಗೆ ಯಾರೂ ಮೀನು ಕೊಡಬಾರದು.

ಕೊನೆಯ ಮಾತಿನ ಪೆಟ್ಟು ಬಿದ್ದದ್ದು ಅಕ್ಕನಿಗೆ. ದಡದಲ್ಲಿ ಮೀನು ಕೊಂಡು ಬುಟ್ಟಿಯಲ್ಲಿ ಪೇಟೆಗೆ ಒಯ್ದು ಮಾರುವವರು ಅವರು. ಇನ್ನೂ ನೋವು ಕೊಟ್ಟದ್ದು ಜಾತ್ರೆಯ ದಿನ. ಪಲ್ಲಕ್ಕಿ ಬರುವುದಿಲ್ಲ ಅಂದಮೇಲೆ ಅವರೇ ಹಣ್ಣುಕಾಯಿ ತಟ್ಟೆ ಹಿಡಿದು ದೇವಸ್ಥಾನಕ್ಕೆ ಹೋದರು. ಬಾಗಿಲಲ್ಲೇ ತಟ್ಟೆ ವಾಪಸ್ ಕೊಟ್ಟರು. ಮನೆಯಲ್ಲಿ ಅತ್ತೆ ಊಟ ಬಿಟ್ಟು ಕೂತಿದ್ದರು. ಅವರದ್ದು ಒಂದೇ ಮಾತು: ‘ನಾನು ಸತ್ರೆ ಹೆಣ ಎತ್ತೂಕೆ ಯಾರು ಬತ್ತರು?’

ಮೊದಲು ಮಾಡಿದ ಪ್ರಯತ್ನಗಳು

ಅಕ್ಕ ತವರಿನ ತಮ್ಮನ ಕೈಯಲ್ಲಿ ಗುಟ್ಟಾಗಿ ವಂತಿಗೆ ಕಳಿಸಿದರು. ಕಮಿಟಿ ತೆಗೆದುಕೊಂಡಿತು. ಪುಸ್ತಕದಲ್ಲಿ ಮನೆಗೆ ಒಂದೇ ಸಾಲು ಅಲ್ವಾ, ಅಣ್ಣನ ಹೆಸರಲ್ಲಿ ಬರೆಯಿತು. ಮರುದಿನ ಮೈಕಿನಲ್ಲಿ ವಂತಿಗೆ ಕೊಟ್ಟವರ ಹೆಸರು ಓದುವಾಗ ಅವರ ಹೆಸರೂ ಬಂತು. ‘ನಾನು ಕೊಟ್ಟಿಲ್ಲ, ನನ್ನ ಹೆಸರಲ್ಲಿ ಯಾಕೆ ಓದಿದ್ರಿ’ ಅಂತ ಅಣ್ಣ ಎದ್ದು ಹೋಗಿ ಕೇಳಿದರು. ಕೈ ಕೈ ಮಿಲಾಯಿಸುವುದೊಂದು ಬಾಕಿ. ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟರು. ಸರಿಹೋಗಲಿ ಅಂತ ಕೊಟ್ಟ ದುಡ್ಡು ಇದ್ದದ್ದನ್ನೂ ಕೆಡಿಸಿತು.

ಪೊಲೀಸರಿಗೆ ದೂರು ಹೋಯಿತು. ಎರಡೂ ಕಡೆಯವರನ್ನು ಕರೆಸಿದರು, ‘ಊರಲ್ಲಿ ಹೊಂದ್ಕೊಂಡು ಹೋಗಿ’ ಅಂತ ಹೇಳಿ ಸಹಿ ಹಾಕಿಸಿ ಕಳಿಸಿದರು. ಬೆದರಿಕೆ ಹಾಕಿದ್ದು ಯಾರು, ಬೆದರಿದ್ದು ಯಾರು ಅನ್ನುವುದು ಆ ಕಾಗದದಲ್ಲಿ ಇರಲಿಲ್ಲ. ಊರಿಗೆ ಬಂದ ಮೇಲೆ ಅದನ್ನೇ ತೋರಿಸಿ ‘ಪೊಲೀಸರೂ ನಮ್ಮ ಕಡೆ’ ಅಂತ ಆಯಿತು.

ಆಮೇಲೆ ಹೊರಗಿನವರು ಬಂದರು. ಒಂದು ಕಡೆಯವರಿಗೆ ಇದನ್ನು ಮತಾಂತರದ ಪ್ರಕರಣ ಮಾಡಬೇಕಿತ್ತು. ಇನ್ನೊಂದು ಕಡೆಯವರಿಗೆ ಅಣ್ಣನನ್ನು ಕೂರಿಸಿ ಪತ್ರಿಕಾಗೋಷ್ಠಿ ಮಾಡಬೇಕಿತ್ತು. ಅಣ್ಣ ಇಬ್ಬರಿಗೂ ಚಾ ಕೊಟ್ಟು ಕಳಿಸಿದರು. ಈ ಪ್ರಕರಣದಲ್ಲಿ ಯಾರೇ ಮಾಡಿದ ತೀರ್ಮಾನಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ ಅಂತ ನನ್ನ ಅಭಿಪ್ರಾಯ. ಪೇಪರಿನಲ್ಲಿ ಒಂದು ಸಲ ಬಂದಿದ್ದರೆ ಕಮಿಟಿಯವರಿಗೆ ಹಿಂದೆ ಸರಿಯುವ ದಾರಿ ಮುಚ್ಚಿಹೋಗುತ್ತಿತ್ತು.

ಕಾನೂನು ಎಲ್ಲಿವರೆಗೆ ಬರುತ್ತದೆ

ನನ್ನ ಹತ್ತಿರ ಬಂದಾಗ ಅಣ್ಣ ಕೇಳಿದ್ದು ನೇರ ಪ್ರಶ್ನೆ: ‘ನಂಬದೇ ಇರೋಕೆ ಕಾನೂನಲ್ಲಿ ಜಾಗ ಇದೆಯಾ?’

ಇದೆ. ಸಂವಿಧಾನದ 25ನೇ ವಿಧಿ ಶುರುವಾಗುವುದೇ ಆತ್ಮಸಾಕ್ಷಿಯ ಸ್ವಾತಂತ್ರ್ಯದಿಂದ. ಧರ್ಮವನ್ನು ಪಾಲಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಅದರ ನಂತರ ಬರುತ್ತದೆ. ಅದು ಕೊಟ್ಟಿರುವುದು ‘ಎಲ್ಲ ವ್ಯಕ್ತಿಗಳಿಗೆ’. ಮನೆಗಲ್ಲ, ಊರಿಗಲ್ಲ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿಯಲ್ಲಿ ಧರ್ಮವನ್ನು ಅಥವಾ ನಂಬಿಕೆಯನ್ನು ಬದಲಾಯಿಸುವ ಸ್ವಾತಂತ್ರ್ಯವೂ ಸೇರಿದೆ. ಭಾರತ 1979ರಲ್ಲಿ ಒಪ್ಪಿಕೊಂಡ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಂಬಿಕೆಯ ವಿಷಯದಲ್ಲಿ ಯಾರ ಮೇಲೂ ಒತ್ತಾಯ ಆಗಬಾರದು ಅನ್ನುತ್ತದೆ. ಆ ವಿಧಿಯನ್ನು ವಿವರಿಸುತ್ತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1993ರಲ್ಲಿ ಸ್ಪಷ್ಟವಾಗಿ ಬರೆದಿದೆ: ದೇವರನ್ನು ನಂಬುವವರಿಗೆ ಇರುವ ರಕ್ಷಣೆ ನಂಬದವರಿಗೂ ಇದೆ.

ನಮ್ಮ ದೇಶದ್ದೇ ಉದಾಹರಣೆಯೂ ಇದೆ. ಮಹಾರಾಷ್ಟ್ರದಲ್ಲಿ ಕೆಲವರು ‘ನಮಗೆ ಯಾವ ಧರ್ಮವೂ ಇಲ್ಲ’ ಅಂತ ಗೆಜೆಟ್ಟಿನಲ್ಲಿ ಪ್ರಕಟಿಸಲು ಕೇಳಿದ್ದರು. ಸರ್ಕಾರಿ ಮುದ್ರಣಾಲಯ ಆಗುವುದಿಲ್ಲ ಅಂದಿತು. 2014ರಲ್ಲಿ ಬಾಂಬೆ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಧರ್ಮ ಇಲ್ಲ ಅನ್ನುವುದೂ ಆತ್ಮಸಾಕ್ಷಿಯ ಸ್ವಾತಂತ್ರ್ಯದ ಒಳಗೇ ಬರುತ್ತದೆ, ಧರ್ಮ ಯಾವುದು ಹೇಳು ಅಂತ ಸರ್ಕಾರ ಯಾರನ್ನೂ ಒತ್ತಾಯಿಸುವ ಹಾಗಿಲ್ಲ ಅಂದಿತು. ಬೇರೆ ರಾಜ್ಯದ ಹೈಕೋರ್ಟಿನ ಮಾತು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಅದಕ್ಕೆ ತೂಕ ಇದೆ.

ಇಷ್ಟೆಲ್ಲ ಇದ್ದರೂ ಅಣ್ಣನಿಗೆ ಕಹಿ ಮಾತೂ ಹೇಳಬೇಕಾಯಿತು. ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ಹಿಡಿಯುವ ಹಕ್ಕು. ಊರ ಕಮಿಟಿ ಮೇಲೆ ನೇರವಾಗಿ ರಿಟ್, ಅಂದರೆ ಹಕ್ಕಿಗಾಗಿ ಹೈಕೋರ್ಟಿಗೆ ಹಾಕುವ ಅರ್ಜಿ, ಹಾಕಿ ಗೆಲ್ಲುವುದು ಕಷ್ಟ. ಬೆದರಿಕೆಗೆ ಕ್ರಿಮಿನಲ್ ಕೇಸು ಹಾಕಬಹುದು, ಬಲೆಯ ಪಾಲಿಗೆ ಸಿವಿಲ್ ದಾವೆ ಹಾಕಬಹುದು. ಮಹಾರಾಷ್ಟ್ರದಲ್ಲಿ 2016ರಲ್ಲಿ ಆದಂಥ ಸಾಮಾಜಿಕ ಬಹಿಷ್ಕಾರ ತಡೆ ಕಾಯ್ದೆ ಆಗ ನಮ್ಮಲ್ಲಿ ಇರಲಿಲ್ಲ. ಇನ್ನೊಂದು ಕಡೆ, ಧರ್ಮದ ವಿಷಯವನ್ನು ತಮ್ಮಲ್ಲೇ ನೋಡಿಕೊಳ್ಳುವ ಹಕ್ಕು 26ನೇ ವಿಧಿಯಲ್ಲಿ ಧಾರ್ಮಿಕ ಪಂಗಡಗಳಿಗಿದೆ. ಧರ್ಮದ ಕಾರಣಕ್ಕೆ ಸಮುದಾಯದಿಂದ ಹೊರಹಾಕುವುದನ್ನು ತಡೆಯಲು ಮುಂಬಯಿ ಪ್ರಾಂತ್ಯ 1949ರಲ್ಲಿ ಕಾಯ್ದೆ ಮಾಡಿತ್ತು. ಇದೇ ವಿಧಿಯ ಆಧಾರದ ಮೇಲೆ 1962ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆ ತೀರ್ಪನ್ನು ಮತ್ತೆ ನೋಡಬೇಕು ಅಂತ 2023ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ಅಂದರೆ ಸುಪ್ರೀಂ ಕೋರ್ಟಿಗೂ ಇದು ಸಲೀಸಾದ ಪ್ರಶ್ನೆ ಅಲ್ಲ.

ಕೋರ್ಟಿಗೆ ಹೋದರೆ ವರ್ಷಗಟ್ಟಲೆ. ಅಷ್ಟು ದಿನ ಹಗ್ಗ ಎಳೆಯುವ ಜಾಗ ಇಲ್ಲದೆ ಬದುಕುವುದು ಹೇಗೆ? ಮಾತುಕತೆಗೆ ಪ್ರಯತ್ನಿಸೋಣ ಅಂತ ಅಣ್ಣ ಒಪ್ಪಿದರು. ಒಂದು ಷರತ್ತು ಹಾಕಿದರು: ‘ನಂಬಿಕೆ ಇದೆ ಅಂತ ಸುಳ್ಳು ಮಾತ್ರ ಹೇಳಿಸ್ಬೇಡಿ.’

ಅಕ್ಕನ ಮಾತು

ಕೂಟಕ್ಕೆ ಮೊದಲು ಮನೆಯ ಮೂವರ ಹತ್ತಿರವೂ ಬೇರೆ ಬೇರೆಯಾಗಿ ಕೂತು ಮಾತಾಡಿದೆ. ಅಲ್ಲಿಯವರೆಗೆ ಎಲ್ಲರೂ ಇದನ್ನು ಅಣ್ಣ ಮತ್ತು ಊರಿನ ಜಗಳ ಅಂತಲೇ ನೋಡುತ್ತಿದ್ದರು. ಅಕ್ಕ ಹೇಳಿದ್ದು ಇಡೀ ಪ್ರಕರಣವನ್ನೇ ತಿರುಗಿಸಿತು.

‘ಅವರಿಗೆ ಬೇಡ ಅಂದ್ರೆ ಬೇಡ. ನಾನು ಎಂತಕ್ಕೆ ಒತ್ತಾಯ ಮಾಡ್ಲಿ? ಆದ್ರೆ ನನಗೆ ದೇವರು ಬೇಕು. ನಾನೇನು ತಪ್ಪು ಮಾಡಿದ್ದೆ ಅಂತ ನನ್ನ ತಟ್ಟೆ ವಾಪಸ್ ಕೊಟ್ರು?’

ಇಲ್ಲಿ ಹಕ್ಕು ಕಳೆದುಕೊಂಡವರು ಇಬ್ಬರು. ನಂಬದ ಗಂಡನ ಮೇಲೆ ನಂಬು ಅನ್ನುವ ಒತ್ತಾಯ. ನಂಬುವ ಹೆಂಡತಿಗೆ ಪೂಜೆ ಮಾಡಬೇಡ ಅನ್ನುವ ತಡೆ. ಎರಡಕ್ಕೂ ಕಾರಣ ಪುಸ್ತಕದ ಆ ಒಂದು ಸಾಲು. ಊರು ಮನೆಯನ್ನು ಎಣಿಸುತ್ತದೆ, ಆಳನ್ನು ಎಣಿಸುವುದಿಲ್ಲ. ಯಜಮಾನ ಬಿಟ್ಟರೆ ಮನೆಯೇ ಬಿಟ್ಟ ಹಾಗೆ. ಯಜಮಾನನ ಹೆಸರಲ್ಲಿ ದುಡ್ಡು ಬಂದರೆ ಅವನೇ ನಂಬಿದ ಹಾಗೆ.

ಕೂಟದಲ್ಲಿ ಮೊದಲು ಎತ್ತಬೇಕಾದದ್ದು ಅಣ್ಣನ ಹಕ್ಕನ್ನಲ್ಲ, ಅಕ್ಕನ ಹಕ್ಕನ್ನು ಅಂತ ಆವತ್ತೇ ತೀರ್ಮಾನಿಸಿದೆ. ಇದು ಜಾಣತನಕ್ಕೆ ಮಾಡಿದ್ದಲ್ಲ. ಅನ್ಯಾಯ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ಇದ್ದದ್ದು ಅಲ್ಲೇ. ಇದಕ್ಕೆ ಅಣ್ಣನ ಒಪ್ಪಿಗೆ ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ‘ಅವಳ ತಟ್ಟೆ ಮೊದಲು’ ಅಂದರು. ಗಂಡ ಹೆಂಡತಿ ಮತ್ತೆ ಮಾತಾಡಿದ್ದು ಆ ದಿನ.

ಕೂಟ

ಮಳೆಗಾಲ. ದೋಣಿಗಳು ದಡ ಹತ್ತಿದ್ದವು, ಎಲ್ಲರೂ ಊರಲ್ಲೇ ಇದ್ದರು. ದೇವಸ್ಥಾನದ ಅಂಗಳದಲ್ಲಿ ಬೇಡ, ಅಣ್ಣನ ಮನೆಯಲ್ಲೂ ಬೇಡ ಅಂತ ಮೀನುಗಾರರ ಸಹಕಾರ ಸಂಘದ ಕೋಣೆ ಕೇಳಿಕೊಂಡೆವು. ಕೂರುವ ಮೊದಲು ಒಂದೇ ನಿಯಮ ಹೇಳಿದೆ: ಯಾಕೆ ನಂಬುವುದಿಲ್ಲ ಅಂತ ಅಣ್ಣನನ್ನು ಯಾರೂ ಕೇಳಬಾರದು, ಯಾಕೆ ನಂಬುತ್ತೀರಿ ಅಂತ ಅಣ್ಣನೂ ಯಾರನ್ನೂ ಕೇಳಬಾರದು.

ಕಮಿಟಿಯ ಹುಡುಗರಿಗೆ ಸಿಟ್ಟು ಬಂತು. ‘ಕಾರಣ ಹೇಳದೆ ಹ್ಯಾಗೆ?’ ಅಂದರು. ಈ ನಿಯಮವನ್ನು ನಾನು ಬಿಡಲಿಲ್ಲ. ಕಾರಣ ಕೇಳಿದ ಕೂಡಲೇ ಅದು ಸರಿಯೋ ತಪ್ಪೋ ಅಂತ ತೂಗುವುದು ಶುರುವಾಗುತ್ತದೆ. ಆಮೇಲೆ ಹಕ್ಕು ಅನ್ನುವುದು ಕಾರಣ ಒಪ್ಪಿಗೆಯಾದವರಿಗೆ ಮಾತ್ರ ಅಂತ ಆಗಿಬಿಡುತ್ತದೆ. ಅಣ್ಣನ ಕಾರಣ ನನಗೂ ಗೊತ್ತಿಲ್ಲ. ನಾನು ಕೇಳಿಲ್ಲ.

ಕಮಿಟಿಯವರ ಮಾತಿನಲ್ಲೂ ಹುರುಳಿತ್ತು. ಇಂದು ಒಂದು ಮನೆ, ನಾಳೆ ಹತ್ತು ಮನೆ ಬಿಟ್ಟರೆ ಜಾತ್ರೆ ನಡೆಯುವುದು ಹೇಗೆ? ಇನ್ನೊಂದು ಭಯ ಅವರು ಕೂಡಲೇ ಬಾಯಿಬಿಟ್ಟು ಹೇಳಲಿಲ್ಲ. ಕಡಲಿಗೆ ಹೋಗುವವರ ಜೀವ ದೇವಿಯ ಕೈಯಲ್ಲಿದೆ ಅಂತ ಅವರು ನಂಬಿದ್ದಾರೆ. ಒಬ್ಬ ದೂರ ನಿಂತರೆ ಎಲ್ಲ ದೋಣಿಗೂ ಕೇಡು ಬಂದೀತು ಅನ್ನುವ ಹೆದರಿಕೆ. ಆ ನಂಬಿಕೆಯೂ ಆತ್ಮಸಾಕ್ಷಿಯದ್ದೇ. ಅದನ್ನು ಮೂಢನಂಬಿಕೆ ಅಂತ ಯಾರಾದರೂ ಅಂದಿದ್ದರೆ ಕೂಟ ಅಲ್ಲಿಗೇ ಮುಗಿಯುತ್ತಿತ್ತು.

ನಾನು ಕೇರಳದ ಮೂರು ಮಕ್ಕಳ ಕಥೆ ಹೇಳಿದೆ. ಯೆಹೋವನ ಸಾಕ್ಷಿಗಳು ಅನ್ನುವ ಪಂಗಡದ ಮಕ್ಕಳು. ಶಾಲೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ದೇವರನ್ನು ಬಿಟ್ಟು ಬೇರೆ ಯಾರನ್ನೂ ಹಾಡುವ ಹಾಗಿಲ್ಲ ಅಂತ ಅವರ ನಂಬಿಕೆ. 1985ರಲ್ಲಿ ಶಾಲೆಯಿಂದ ತೆಗೆದರು. 1986ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರ ಪೀಠ ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಿ ಅಂದಿತು. ಎದ್ದು ನಿಂತರೆ ಗೌರವ ಕೊಟ್ಟ ಹಾಗೆ, ಹಾಡದೆ ಇದ್ದರೆ ಅವಮಾನ ಅಲ್ಲ ಅಂತ ಅದರ ಸಾರ.

ದೇವಸ್ಥಾನದ ಹಿರಿಯ ಪೂಜಾರಿಗಳು ಅಲ್ಲಿಯವರೆಗೆ ಸುಮ್ನೆ ಕೂತಿದ್ದರು. ಅವರು ಅಣ್ಣನ ಕಡೆ ತಿರುಗಿ ಕೇಳಿದರು: ‘ಪಲ್ಲಕ್ಕಿ ನಿನ್ನ ಮನೆ ಮುಂದೆ ಬಂದ್ರೆ ಒಳಗೆ ಹೋಗಿ ಬಾಗಿಲು ಹಾಕ್ತಿಯಾ ತಮಾ, ಎದ್ದು ನಿಲ್ತಿಯಾ?’

‘ಎದ್ದು ನಿಲ್ತೇನೆ. ಅಂಗಳದಲ್ಲೇ ಇರ್ತೇನೆ. ಕಾಯಿ ಮಾತ್ರ ಒಡೆಯೂದಿಲ್ಲ.’

‘ಹಂಗಾದ್ರೆ ಪಲ್ಲಕ್ಕಿ ನಿಲ್ಸೂಕೆ ನಂಗೆ ಅಡ್ಡಿಲ್ಲ’ ಅಂದರು ಪೂಜಾರಿಗಳು. ದೇವಿಗೆ ಕೋಪ ಬರುತ್ತದೋ ಇಲ್ಲವೋ ಅಂತ ಹೇಳುವ ಅಧಿಕಾರ ಆ ಕೋಣೆಯಲ್ಲಿ ಅವರೊಬ್ಬರಿಗೆ ಮಾತ್ರ ಇತ್ತು. ನಾನು ಎಷ್ಟು ಸಂವಿಧಾನ ಓದಿದ್ದರೂ ಆ ಹೆದರಿಕೆ ಇಳಿಯುತ್ತಿರಲಿಲ್ಲ.

ಉಳಿದದ್ದು ಲೆಕ್ಕದ ಕೆಲಸ. ಪುಸ್ತಕ ತರಿಸಿ, ಖರ್ಚನ್ನು ಒಂದೊಂದಾಗಿ ಓದಿ, ಪೂಜೆಯದ್ದು ಯಾವುದು, ಊರದ್ದು ಯಾವುದು ಅಂತ ಬೇರೆ ಮಾಡುತ್ತ ಹೋದೆವು. ಸ್ಮಶಾನ ಊರದ್ದು. ದೋಣಿ ದಾರಿ ಊರದ್ದು. ದೀಪದೆಣ್ಣೆ ದೇವರದ್ದು. ಯಕ್ಷಗಾನ ಎಲ್ಲಿ ಸೇರಬೇಕು ಅಂತ ಬಹಳ ಹೊತ್ತು ಚರ್ಚೆ ಆಯಿತು. ಅಣ್ಣನೇ ಅದನ್ನು ಊರ ಲೆಕ್ಕಕ್ಕೆ ಹಾಕಿ ಅಂದರು. ‘ಆಟ ನೋಡೂಕೆ ನಾನೂ ಬರ್ತೇನಲ್ಲ!’ ಎಲ್ಲರೂ ನಕ್ಕರು. ಅವತ್ತು ಅವರೆಲ್ಲ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಕೊನೆಗೆ ಒಪ್ಪಿದ್ದು ಹೀಗೆ. ಊರ ವಂತಿಗೆ ಬೇರೆ, ದೇವರ ವಂತಿಗೆ ಬೇರೆ. ಊರ ವಂತಿಗೆ ಎಲ್ಲ ಮನೆಯವರೂ ಕೊಡಬೇಕು. ದೇವರ ವಂತಿಗೆ ಮನಸ್ಸಿದ್ದವರು ಕೊಡಬೇಕು, ಕೊಟ್ಟವರ ಹೆಸರಲ್ಲೇ ರಸೀದಿ ಆಗಬೇಕು. ಬಲೆಯ ಜಾಗಕ್ಕೂ, ದಡದ ಮೀನಿಗೂ, ಸ್ಮಶಾನಕ್ಕೂ ಯಾರ ನಂಬಿಕೆಯನ್ನೂ ಗಂಟು ಹಾಕಬಾರದು. ಪಲ್ಲಕ್ಕಿಗೆ ಹೆಗಲು ಕೊಡುವವರು ಯಾರು ಅನ್ನುವುದು ಕಮಿಟಿಗೆ ಬಿಟ್ಟ ವಿಷಯ.

ಆಮೇಲೆ

ಮೊದಲ ಪರೀಕ್ಷೆ ನೂಲ ಹುಣ್ಣಿಮೆಯ ದಿನ ಬಂತು. ಆವತ್ತು ಊರವರೆಲ್ಲ ಸೇರಿ ಕಡಲಿಗೆ ತೆಂಗಿನಕಾಯಿ ಬಿಡುತ್ತಾರೆ. ಅಣ್ಣ ದಡಕ್ಕೆ ಬಂದು ಎಲ್ಲರ ಜೊತೆ ನಿಂತರು, ಕಾಯಿ ಬಿಡಲಿಲ್ಲ. ಅಕ್ಕ ಬಿಟ್ಟರು. ಯಾರೂ ಏನೂ ಅನ್ನಲಿಲ್ಲ. ಮಳೆ ಇಳಿದು ಬಲೆ ನೀರಿಗೆ ಬಿದ್ದಾಗ ಅವರಿಗೆ ಹಗ್ಗದಲ್ಲಿ ಮೊದಲಿನ ಜಾಗವೇ ಸಿಕ್ಕಿತು. ಮುಂದಿನ ಜಾತ್ರೆಯಲ್ಲಿ ಪಲ್ಲಕ್ಕಿ ಆ ಮನೆ ಮುಂದೆ ನಿಂತಿತು. ಪುಸ್ತಕದಲ್ಲಿ ಅಕ್ಕನ ಸ್ವಂತ ಹೆಸರಿನಲ್ಲಿ ಒಂದು ಸಾಲು ಬಂತು. ಅದನ್ನು ನೋಡಿ ಗಂಡ ಇರುವ ಇನ್ನೂ ಕೆಲವು ಹೆಂಗಸರು ತಮ್ಮ ಹೆಸರಲ್ಲೇ ರಸೀದಿ ಬೇಕು ಅಂದರು. ಇದನ್ನು ನಾವ್ಯಾರೂ ಎಣಿಸಿರಲಿಲ್ಲ.

ಎಲ್ಲವೂ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಕಳೆದುಹೋದ ತಿಂಗಳುಗಳ ದುಡಿಮೆಗೆ ಯಾರೂ ಪರಿಹಾರ ಕೊಡಲಿಲ್ಲ. ತಟ್ಟೆ ವಾಪಸ್ ಕೊಟ್ಟವರು ಅಕ್ಕನ ಹತ್ತಿರ ತಪ್ಪಾಯ್ತು ಅನ್ನಲಿಲ್ಲ. ಎರಡು ಮನೆಯವರು ಇವತ್ತಿಗೂ ಅಣ್ಣನನ್ನು ಮಾತಾಡಿಸುವುದಿಲ್ಲ. ಮಾತಾಡಿಸಿ ಅಂತ ಕಾನೂನು ಹೇಳಲಾರದು, ಹೇಳಬಾರದು ಕೂಡ.

ಬೇರೆ ಕಡೆ ಇಂಥದ್ದಕ್ಕೆ ಕೈ ಹಾಕುವವರಿಗೆ ನಾನು ಒತ್ತಿ ಹೇಳುವುದು ಎರಡು. ದೂರು ಕೊಟ್ಟವರ ಮಾತಷ್ಟೇ ಕೇಳಿ ಹೊರಡಬೇಡಿ. ಆ ಮನೆಯ ಪ್ರತಿಯೊಬ್ಬರ ಹತ್ತಿರ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿ, ಹೆಂಗಸರ ಹತ್ತಿರ ಮೊದಲು. ಇನ್ನೊಂದು, ನಂಬಿಕೆಯ ಚರ್ಚೆಗೆ ಇಳಿಯುವ ಮೊದಲು ಹಣದ ಪುಸ್ತಕ ತರಿಸಿ ಓದಿ. ಪೂಜೆಗೂ ಹೊಟ್ಟೆಪಾಡಿಗೂ ಎಲ್ಲಿ ಗಂಟು ಬಿದ್ದಿದೆ ಅನ್ನುವುದು ಅಲ್ಲೇ ಕಾಣುತ್ತದೆ. ಗಂಟು ಬಿಚ್ಚಿದರೆ ಎಷ್ಟೋ ಸಲ ಜಗಳ ಅರ್ಧ ಆಗುತ್ತದೆ.

ಒಪ್ಪಂದದ ಕಾಗದಕ್ಕೆ ಕೋರ್ಟಿನ ಡಿಕ್ರಿಯ, ಅಂದರೆ ತೀರ್ಪಿನ ಆದೇಶದ, ಬಲ ಇಲ್ಲ. ಲೋಕ ಅದಾಲತ್ತಿನಲ್ಲಿ ರಾಜಿ ದಾಖಲಿಸಿದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅದಕ್ಕೆ ಡಿಕ್ರಿಯ ಬೆಲೆ ಬರುತ್ತದೆ, ಕೇಸು ಹಾಕುವ ಮೊದಲೇ ಹಾಗೆ ಮಾಡಬಹುದು. ಕಮಿಟಿಯವರು ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ ಅಂದರು, ಅಣ್ಣನೂ ಒತ್ತಾಯಿಸಲಿಲ್ಲ. ಹಾಗಾಗಿ ಈಗಿರುವುದು ಸಹಕಾರ ಸಂಘದ ಕಪಾಟಿನಲ್ಲಿ ಒಂದು ಪ್ರತಿ, ಅಣ್ಣನ ಮನೆಯಲ್ಲಿ ಒಂದು ಪ್ರತಿ. ಹೊಸ ಕಮಿಟಿ ಬಂದಾಗಲೆಲ್ಲ ಅದನ್ನು ಓದಿ ಹೇಳಬೇಕು ಅಂತ ಕೊನೆಯ ಸಾಲಿನಲ್ಲಿ ಬರೆಸಿದ್ದೇವೆ.

ದೇವರ ಪಾಲಿನ ಪ್ರಶ್ನೆ ಮಾತ್ರ ಬಗೆಹರಿದಿಲ್ಲ. ಹಂಚುವ ಮೊದಲೇ ತೆಗೆದಿಡುವ ಮೀನಿನಲ್ಲಿ ಅಣ್ಣನ ದುಡಿಮೆಯೂ ಇದೆ. ಕೂಟದಲ್ಲಿ ನಾನು ಅದನ್ನು ಎತ್ತಲು ಹೊರಟಾಗ ಅವರೇ ತಡೆದರು. ‘ಅದು ಬಲೆಯ ಲೆಕ್ಕ, ಬಿಡಿ’ ಅಂದರು. ಮುಂದೆ ಅದೇ ಬಲೆಗೆ ಅವರಂತೆಯೇ ನಂಬದ ಇನ್ನೊಬ್ಬ ಬಂದು ಅದನ್ನು ಬಿಡುವುದಿಲ್ಲ ಅಂದರೆ ಮತ್ತೆ ಕೂರಬೇಕಾಗುತ್ತದೆ.